ನೂಕ್ ತಂತ್ರಾಂಶದಲ್ಲಿ ಪೈಥಾನ್ ಎಕ್ಸ್‌ಪ್ರೆಶನ್

ನೂಕ್ ಎಂಬುದು ಚಲನಚಿತ್ರಗಳ ದೃಶ್ಯ ಪರಿಣಾಮಗಳಿಗಾಗಿ ಬಳಸುವ, ನೋಡ್ ಆಧಾರಿತ ಕಂಪೋಸಿಟಿಂಗ್ ತಂತ್ರಾಂಶ. ಬೇರೆ ಬೇರೆಯಾಗಿ ಚಿತ್ರೀಕರಿಸಿದ ಅಥವಾ ಗಣಕದಲ್ಲಿ ರಚಿಸಿದ ಚಿತ್ರಪದರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವುದು ಇದರ ಕೆಲಸ. ಅಮೆರಿಕದ ಡಿಜಿಟಲ್ ಡೊಮೇನ್ ಸ್ಟುಡಿಯೊದಲ್ಲಿ 1993ರಲ್ಲಿ ರೂಪುಗೊಂಡ ಇದನ್ನು 2007ರಿಂದ ಲಂಡನ್ನಿನ ಫೌಂಡ್ರಿ ಸಂಸ್ಥೆ ಬೆಳೆಸುತ್ತಿದೆ. ನೋಡ್‌ನ ನಿಯಂತ್ರಣಗಳಿಗೆ ಇಲ್ಲಿ 'ನಾಬ್' ಎನ್ನುತ್ತಾರೆ. ನಾಬ್‌ಗೆ ಸ್ಥಿರ ಸಂಖ್ಯೆಯ ಬದಲು ಕೊಡುವ ಸೂತ್ರವೇ ಎಕ್ಸ್‌ಪ್ರೆಶನ್.

== ಮೂರು ಭಾಷೆಗಳು ==

ಸೂತ್ರವನ್ನು ಮೂರು ಬಗೆಯಲ್ಲಿ ಬರೆಯಬಹುದು: ನೂಕ್‌ನದೇ ಗಣಿತಭಾಷೆ, ಚೌಕ ಆವರಣದೊಳಗಿನ ಟಿಸಿಎಲ್ ಮತ್ತು ಪೈಥಾನ್. ಒಂದು ಬ್ಲರ್ ನೋಡ್‌ನ ಗಾತ್ರ ಇನ್ನೊಂದರ ಎರಡರಷ್ಟಿರಬೇಕು ಎಂಬಂಥ ಸರಳ ಸಂಬಂಧಕ್ಕೆ ಗಣಿತಭಾಷೆಯೇ ಸಾಕು, ವೇಗವೂ ಅದರದೇ ಹೆಚ್ಚು. ಕಡತದ ಹೆಸರಿನಿಂದ ಆವೃತ್ತಿಯ ಸಂಖ್ಯೆಯನ್ನು ಹೆಕ್ಕಿ ಟೆಕ್ಸ್ಟ್ ನೋಡ್‌ನಲ್ಲಿ ತೋರಿಸುವುದು, ಷರತ್ತುಗಳನ್ನು ಪರಿಶೀಲಿಸುವುದು ಮೊದಲಾದ ಕೆಲಸಗಳಿಗೆ ಪೈಥಾನ್ ಅನುಕೂಲಕರ. ಎಕ್ಸ್‌ಪ್ರೆಶನ್ ಸಂಪಾದಕದಲ್ಲಿ 'ಪೈ' ಗುಂಡಿಯನ್ನು ಒತ್ತಿದರೆ ಸೂತ್ರವನ್ನು ಪೈಥಾನ್ ಎಂದೇ ಓದಲಾಗುತ್ತದೆ. ಪಕ್ಕದ 'ಆರ್' ಗುಂಡಿಯಿಂದ ಹಲವು ಸಾಲುಗಳ ಸಂಕೇತ ಬರೆಯಬಹುದು. ಆಗ ಅಂತಿಮ ಬೆಲೆಯನ್ನು 'ರೆಟ್' ಎಂಬ ಚರದಲ್ಲಿ ಇರಿಸಬೇಕು.

ಪ್ರತಿ ಪಿಕ್ಸೆಲ್‌ನ ಲೆಕ್ಕಕ್ಕೆ ಪೈಥಾನ್ ಹೊಂದುವುದಿಲ್ಲ. ಎಕ್ಸ್‌ಪ್ರೆಶನ್ ಎಂಬ ಹೆಸರಿನ ನೋಡ್‌ನಲ್ಲಿ ಬಣ್ಣದ ಚಾನೆಲ್‌ಗಳ ಸೂತ್ರವನ್ನು ಗಣಿತಭಾಷೆಯಲ್ಲಿಯೇ ಬರೆಯುವುದು ಇದೇ ಕಾರಣಕ್ಕೆ.

== ರೆಂಡರ್ ವೇಳೆಯ ತೊಡಕುಗಳು ==

ದೊಡ್ಡ ಸೂತ್ರವನ್ನು ಫಂಕ್ಷನ್ ಆಗಿ ಬೇರೆ ಕಡತದಲ್ಲಿ ಬರೆದು, ನಾಬ್‌ನಿಂದ ಅದನ್ನು ಕರೆಯುವುದು ವಾಡಿಕೆ. ಆ ಕಡತ ಯಾವುದು ಎಂಬುದು ಮುಖ್ಯ. ನೂಕ್ ಆರಂಭವಾಗುವಾಗ 'ಇನಿಟ್' ಕಡತವನ್ನು ಯಾವಾಗಲೂ ಓದುತ್ತದೆ. 'ಮೆನು' ಕಡತವನ್ನು ಓದುವುದು ಪರದೆಯ ಸಂಪರ್ಕಸಾಧನ ತೆರೆದಾಗ ಮಾತ್ರ. ಫಂಕ್ಷನ್ ಮೆನು ಕಡತದಲ್ಲಿದ್ದರೆ ಕಲಾವಿದರ ಗಣಕದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಪರದೆಯಿಲ್ಲದೆ ಕೆಲಸ ಮಾಡುವ ರೆಂಡರ್ ಫಾರ್ಮ್‌ನ ಗಣಕಗಳಿಗೆ ಆ ಹೆಸರೇ ತಿಳಿದಿರುವುದಿಲ್ಲವಾದ್ದರಿಂದ ಅಲ್ಲಿ ದೋಷ ಉಂಟಾಗುತ್ತದೆ. ಸೂತ್ರಕ್ಕೆ ಬೇಕಾದ ಫಂಕ್ಷನ್‌ಗಳು ಇನಿಟ್ ಕಡತದಲ್ಲಿ ಅಥವಾ ಅದು ಆಮದು ಮಾಡಿಕೊಳ್ಳುವ ಮಾಡ್ಯೂಲ್‌ನಲ್ಲಿ ಇರಬೇಕು.

ದೋಷಸಂದೇಶವೇ ಬಾರದ ತಪ್ಪು ಇನ್ನೂ ಅಪಾಯಕಾರಿ. 2021ರಲ್ಲಿ ಬಿಡುಗಡೆಯಾದ ನೂಕ್ 13, ಪೈಥಾನ್ 2ರಿಂದ ಪೈಥಾನ್ 3ಕ್ಕೆ ಬದಲಾಯಿತು. ಹಳೆಯ ಆವೃತ್ತಿಯಲ್ಲಿ 25ನೆಯ ಫ್ರೇಮ್‌ನ ಸಂಖ್ಯೆಯನ್ನು ಪೂರ್ಣಾಂಕ 2ರಿಂದ ಭಾಗಿಸಿದರೆ 12 ಬರುತ್ತಿತ್ತು, ಹೊಸದರಲ್ಲಿ 12.5 ಬರುತ್ತದೆ. ಎರಡೆರಡು ಫ್ರೇಮ್‌ಗೊಮ್ಮೆ ಜಿಗಿಯಬೇಕಿದ್ದ ಚಲನೆ ಹೀಗೆ ಸದ್ದಿಲ್ಲದೆ ನಯವಾಗಿಬಿಡುತ್ತದೆ. ಹಳೆಯ ಫಲಿತಾಂಶವೇ ಬೇಕಿದ್ದಲ್ಲಿ ಎರಡು ಓರೆಗೆರೆಗಳ ಭಾಗಾಕಾರ ಚಿಹ್ನೆಯನ್ನು ಬಳಸಬೇಕು.

ನೂಕ್‌ನ ಯೋಜನಾ ಕಡತವು ಸಾದಾ ಪಠ್ಯರೂಪದಲ್ಲಿರುತ್ತದೆ. ಅದರಲ್ಲಿ ಅಡಗಿದ ಪೈಥಾನ್ ಸಂಕೇತವು ಕಡತ ತೆರೆದೊಡನೆ ಚಾಲನೆಗೊಳ್ಳಬಹುದು. ಅಪರಿಚಿತರಿಂದ ಬಂದ ಕಡತವನ್ನು ಮೊದಲು ಪಠ್ಯ ಸಂಪಾದಕದಲ್ಲಿ ನೋಡುವುದು ಕ್ಷೇಮ.

== ಇತರ ತಂತ್ರಾಂಶಗಳು ==

ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಆರಂಭವಾದ ಮುಕ್ತ ತಂತ್ರಾಂಶ ನಾಟ್ರಾನ್ ಕೂಡ ಪೈಥಾನ್ ಎಕ್ಸ್‌ಪ್ರೆಶನ್‌ಗಳನ್ನು ಬೆಂಬಲಿಸುತ್ತದೆ. ಬ್ಲೆಂಡರ್‌ನಲ್ಲಿ ಇಂಥ ಸೂತ್ರಗಳಿಗೆ 'ಡ್ರೈವರ್' ಎಂಬ ಹೆಸರಿದೆ. ಅಡೋಬಿಯ ಆಫ್ಟರ್ ಎಫೆಕ್ಟ್ಸ್ ಈ ಕೆಲಸಕ್ಕೆ ಜಾವಾಸ್ಕ್ರಿಪ್ಟ್ ಬಳಸುತ್ತದೆ.