ಹನುಕ್ಕಾ: ಕಾಗುಣಿತವೂ ಅರ್ಥವೂ

ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಬೋಧಿಸುತ್ತಿದ್ದಾಗ, ಗುರು ಅಭ್ಯರ್ಥಿಯೊಬ್ಬರು ಇಂಗ್ಲಿಷ್ ವ್ಯಾಖ್ಯಾನವೊಂದರಿಂದ ‘ಚನುಕಾ’ ಎಂದು ಓದಿ, ಇದು ಹನುಕ್ಕಾಕ್ಕಿಂತ ಬೇರೆ ಹಬ್ಬವೇ ಎಂದು ಕೇಳಿದರು. ಪ್ರಶ್ನೆ ಸಹಜವಾದುದೇ. ಇಂಗ್ಲಿಷಿನಲ್ಲಿ ಈ ಪದ ಕೆಲವೆಡೆ ‘ಎಚ್’ನಿಂದ, ಕೆಲವೆಡೆ ‘ಸಿಎಚ್’ನಿಂದ ಆರಂಭವಾಗುತ್ತದೆ, ನಡುವೆ ಒಮ್ಮೆ ಒಂದು ‘ಕೆ’, ಒಮ್ಮೆ ಎರಡು, ಕೊನೆಯ ‘ಎಚ್’ ಕೆಲವೊಮ್ಮೆ ಇರುವುದೇ ಇಲ್ಲ.

ಹಬ್ಬ ಒಂದೇ, ಭೇದವಿರುವುದು ಲಿಪ್ಯಂತರದಲ್ಲಿ. ಹೀಬ್ರೂ ಪದದ ಮೊದಲ ಅಕ್ಷರ ‘ಹೇತ್’. ಗಂಟಲಿನಿಂದ ಹೊರಡುವ ಆ ಧ್ವನಿ ನಮ್ಮ ಹಕಾರಕ್ಕಿಂತ ಗಡುಸು; ಇಂಗ್ಲಿಷಿನಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಆದ್ದರಿಂದ ಕೆಲವರು ‘ಎಚ್’ ಎಂದೂ ಕೆಲವರು ‘ಸಿಎಚ್’ ಎಂದೂ ಬರೆದರು. ವಿದ್ವತ್ ಗ್ರಂಥಗಳು ‘ಎಚ್’ನ ಕೆಳಗೆ ಚುಕ್ಕೆಯಿಡುತ್ತವೆ. ನಡುವಿನ ‘ಕಾಫ್’ ಅಕ್ಷರದೊಳಗಿನ ಚುಕ್ಕೆ ದ್ವಿತ್ವವನ್ನು ಸೂಚಿಸುತ್ತದೆ. ನಮ್ಮ ಒತ್ತಕ್ಷರ ಅದನ್ನು ಸರಾಗವಾಗಿ ತೋರಿಸಬಲ್ಲದು. ಕೊನೆಯ ‘ಎಚ್’ ಉಚ್ಚಾರವಿಲ್ಲದ ‘ಹೇ’ ಅಕ್ಷರದ ಕುರುಹು. ಚಕಾರಕ್ಕೆ ಮಾತ್ರ ಮೂಲದಲ್ಲಿ ಯಾವ ಆಧಾರವೂ ಇಲ್ಲ.

ಇದೇ ‘ಹೇತ್’ ಅಕ್ಷರ ‘ಪೆಸಹ್’ ಪದದ ಕೊನೆಯಲ್ಲೂ ಇದೆ. ಅದರ ಅರಮಾಯಿಕ್ ರೂಪವು ಗ್ರೀಕಿನಲ್ಲಿ ‘ಪಾಸ್ಖ’ ಆಯಿತು. ನಮ್ಮ ಪೂಜಾವಿಧಿಯ ‘ಪಾಸ್ಕ’ದ ಕಕಾರ ಆ ಹೀಬ್ರೂ ಅಕ್ಷರದ ಉಳಿಕೆ. ಇಂಗ್ಲಿಷಿನಲ್ಲಾದರೋ, ವಿಲಿಯಂ ಟಿಂಡೇಲ್ 1530ರ ತಮ್ಮ ಪಂಚಗ್ರಂಥಗಳ ಅನುವಾದದಲ್ಲಿ ಧ್ವನಿಯನ್ನು ಬಿಟ್ಟು, ದಾಟಿಹೋಗುವುದೆಂಬ ಅರ್ಥವನ್ನು ಹಿಡಿದು, ‘ಪಾಸೋವರ್’ ಎಂದರು. ಒಂದು ಭಾಷೆ ಸದ್ದನ್ನು ಉಳಿಸಿಕೊಂಡಿತು, ಇನ್ನೊಂದು ಅರ್ಥವನ್ನು.

ಬೋಧಕನಿಗೆ ಎರಡೂ ಬೇಕು. ಹನುಕ್ಕಾ ಎಂದರೆ ಪ್ರತಿಷ್ಠೆ, ಸಮರ್ಪಣೆ. ಕ್ರಿ.ಪೂ. 164ರಲ್ಲಿ ಯೂದ ಮಕ್ಕಬಿಯನೂ ಅವನ ಸಂಗಡಿಗರೂ ಅಪವಿತ್ರಗೊಂಡಿದ್ದ ದೇವಾಲಯವನ್ನು ಶುದ್ಧೀಕರಿಸಿ, ಹೊಸ ಬಲಿಪೀಠವನ್ನು ಕಟ್ಟಿ, ಎಂಟು ದಿನ ಉತ್ಸವ ಆಚರಿಸಿದರು (1 ಮಕ್ಕಬಿಯರು 4:36–59). ಸಂತ ಯೊವಾನ್ನರು ಹೀಬ್ರೂ ಹೆಸರನ್ನು ಉಳಿಸದೆ, ‘ನವೀಕರಣ’ವೆಂಬ ಅರ್ಥದ ‘ಎಂಕೈನಿಯ’ ಎಂಬ ಗ್ರೀಕ್ ಪದವನ್ನು ಬಳಸಿದ್ದಾರೆ (10:22). ಆ ಹಬ್ಬದ ಸಂದರ್ಭದಲ್ಲಿಯೇ, ಪಿತನು ತಮ್ಮನ್ನು ಪವಿತ್ರೀಕರಿಸಿ ಲೋಕಕ್ಕೆ ಕಳುಹಿಸಿದ್ದಾರೆಂದು ಯೇಸುಸ್ವಾಮಿ ದೇವಾಲಯದಲ್ಲಿ ನುಡಿಯುತ್ತಾರೆ (10:36). ಹಬ್ಬದ ಹೆಸರಿನ ಅರ್ಥ ತಿಳಿಯದವನಿಗೆ 22ನೆಯ ವಚನವು ಬರಿಯ ಕಾಲಸೂಚನೆ; ತಿಳಿದವನಿಗೆ ಅದು 36ನೆಯ ವಚನದ ಬಾಗಿಲು.

ಈ ಪದದ ಧಾತುವೇ ಜ್ಞಾನೋಕ್ತಿ 22:6ರಲ್ಲಿ ಮಗುವನ್ನು ನಡೆಯಬೇಕಾದ ಮಾರ್ಗದಲ್ಲಿ ಪಳಗಿಸುವುದಕ್ಕೂ ಬಳಕೆಯಾಗಿದೆ. ಯಾಜಕತ್ವಕ್ಕಾಗಿ ರೂಪುಗೊಳ್ಳುತ್ತಿರುವವರು ಇದನ್ನು ಮರೆಯಲಾಗದು: ಹೀಬ್ರೂವಿನಲ್ಲಿ ಶಿಕ್ಷಣವೂ ಸಮರ್ಪಣೆಯೂ ಒಂದೇ ಬೇರಿನ ಚಿಗುರುಗಳು.