‘ಡ್ರೂಯಿಡ್’ ಶಬ್ದದ ಮೂಲವಿಚಾರ

ಗಾಲ್ ದೇಶದ ಕೆಲ್ಟಿಕ್ ಜನರಲ್ಲಿ ಬಲಿಕರ್ಮ, ನ್ಯಾಯನಿರ್ಣಯ, ವಿದ್ಯಾಬೋಧನೆಗಳ ಹೊಣೆ ಹೊತ್ತಿದ್ದ ವರ್ಗವನ್ನು ಸೀಸರನು ಕ್ರಿ.ಪೂ. 1ನೆಯ ಶತಮಾನದಲ್ಲಿ ‘ದ್ರುಯಿದೆಸ್’ ಎಂದು ಕರೆದಿದ್ದಾನೆ. ಕ್ರಿ.ಶ. 77ರ ಸುಮಾರಿಗೆ ಪ್ಲಿನಿಯು ಈ ಹೆಸರನ್ನು ಗ್ರೀಕಿನ ‘ದ್ರೂಸ್’ (ಓಕ್ ಮರ) ಶಬ್ದದೊಡನೆ ಜೋಡಿಸಿದನು. ಓಕ್ ಮರಗಳ ಬಗ್ಗೆ ಅವರಿಗಿದ್ದ ಪೂಜ್ಯಭಾವವೇ ಈ ಊಹೆಗೆ ಆಧಾರ. ಆದರೆ ಕೆಲ್ಟರು ತಮ್ಮ ಪುರೋಹಿತರಿಗೆ ಗ್ರೀಕ್ ಹೆಸರಿಟ್ಟರೆಂಬುದು ಒಪ್ಪತಕ್ಕ ಮಾತಲ್ಲ.

ಹಳೆಯ ಐರಿಷಿನಲ್ಲಿ ಏಕವಚನ ‘ದ್ರುಯೀ’, ಬಹುವಚನ ‘ದ್ರುಯಿದ್’. ಬಹುವಚನದಲ್ಲಿ ಉಳಿದಿರುವ ದಕಾರವು ಮೂಲರೂಪಕ್ಕೆ ಸೇರಿದ್ದು. ಗಾಲಿಷ್ ರೂಪವನ್ನೂ ಕೂಡಿಸಿ ನೋಡಿದರೆ ‘ದ್ರು-ವಿದ್’ ಎಂಬ ಸಮಾಸವು ಸಿದ್ಧಿಸುತ್ತದೆ. ಉತ್ತರಪದವು ‘ತಿಳಿ’ ಎಂಬರ್ಥದ ಧಾತು. ಕನ್ನಡವು ಸಂಸ್ಕೃತದಿಂದ ಪಡೆದ ‘ವೇದ’, ‘ವಿದ್ವಾಂಸ’ಗಳಲ್ಲಿರುವುದೂ ಇದೇ. ವಿವಾದವಿರುವುದು ಪೂರ್ವಪದದಲ್ಲಿ. ಅದನ್ನು ‘ದ್ರುಮ’, ‘ದಾರು’ಗಳ ಬಂಧುವೆಂದು ಹಿಡಿದು ‘ವೃಕ್ಷಜ್ಞ’ ಎಂದು ಅರ್ಥೈಸುವವರುಂಟು. ಥುರ್ನೈಸನ್ ಅದನ್ನು ಆಧಿಕ್ಯಸೂಚಕವೆಂದು ತಿಳಿದು ‘ಬಹುಜ್ಞ’ ಎಂದನು. ಕೆಲ್ಟಿಕ್‌ನಲ್ಲಿ ಓಕ್ ಮರಕ್ಕೆ ‘ದೆರ್ವ್-’ ಎಂಬ ಬೇರೆಯೇ ರೂಪ ರೂಢಿಯಲ್ಲಿದ್ದುದರಿಂದ ನಾವು ಎರಡನೆಯ ಪಕ್ಷದತ್ತ ಒಲಿಯುತ್ತೇವೆ.

‘ದ್ರಾವಿಡ’ ಶಬ್ದವೂ ಇದೇ ಮೂಲದ್ದೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಪಾಲಿಯ ‘ದಮಿಳ’ ರೂಪವು ಅದನ್ನು ‘ತಮಿಳ್’ ಶಬ್ದದ ಕಡೆಗೆ ಒಯ್ಯುತ್ತದೆಯೇ ಹೊರತು ಗಾಲ್ ದೇಶಕ್ಕಲ್ಲ. ಇಲ್ಲಿರುವುದು ಬರಿಯ ಧ್ವನಿಸಾದೃಶ್ಯ. ವೇದಶಬ್ದದ ನಂಟು ಧಾತುವಿನ ನಂಟು; ಅದರಿಂದ ಡ್ರೂಯಿಡರನ್ನು ವೈದಿಕರನ್ನಾಗಿ ಮಾಡಲಾಗದು.

ಕ್ರೈಸ್ತ ಐರ್ಲೆಂಡಿನ ಲಿಪಿಕಾರರು ಬೈಬಲ್ಲಿನ ಈಜಿಪ್ಟಿನ ಮಾಂತ್ರಿಕರಿಗೂ ಈ ಹೆಸರನ್ನೇ ಬಳಸಿದರು. ಇಂದಿನ ಐರಿಷಿನಲ್ಲಿ ಇದರಿಂದ ಸಾಧಿತವಾದ ‘ದ್ರೀಅಖ್ತ್’ ಎಂದರೆ ಮಾಟ, ಇಂದ್ರಜಾಲ.