ಮೊದಲ ಹನಿ ರಕ್ತಕ್ಕೆ ನಿಲ್ಲೋ ಕಾಳಗ

ಚನ್ನಪಟ್ಟಣ ಅಂದ್ರೆ ಬರೀ ಗೊಂಬೆ ಅಂದ್ಕೊಂಡ್ರಾ? ಈ ಊರಿಗೆ ಜಟ್ಟಿಗಳ ಹೆಸರೂ ಇದೆ.

ವಿಜಯದಶಮಿ ದಿನ, ಮೈಸೂರು ಅರಮನೆ ಅಂಗಳ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣದ ಜಟ್ಟಿಗಳಲ್ಲಿ ಆಯ್ಕೆಯಾದವರು ಜೋಡಿಯಾಗಿ ಕಣಕ್ಕಿಳೀತಾರೆ. ಬೋಳಿಸಿದ ತಲೆ, ಬಿಗಿದ ಕಚ್ಚೆ, ಬೆರಳಿಗೆ ಮೊನಚು ಮುಳ್ಳಿನ ವಜ್ರಮುಷ್ಟಿ. ಗುರಿ ಎದುರಾಳಿಯ ತಲೆ. ರಕ್ತ ಚಿಮ್ಮಿತೋ, ಕಾಳಗ ಮುಗೀತು. ತಿಂಗಳುಗಟ್ಟಲೆ ತಾಲೀಮು, ಕೆಲವೇ ಕ್ಷಣದ ಸೆಣಸಾಟ!

ಗಮನಿಸಿ, ಇಲ್ಲಿ ಹೊಡೆಯೋದನ್ನ ಕಲಿತವನು ನಿಲ್ಲಿಸೋದನ್ನೂ ಕಲಿತಿರ್ತಾನೆ. ತಡೆಯೋಕೆ ಪಕ್ಕದಲ್ಲೇ ಹಿರಿಯರಿರ್ತಾರೆ.

ಬಸ್ ಸ್ಟ್ಯಾಂಡ್ ಜಗಳದಲ್ಲಿ? ತಡೆಯೋರಿಲ್ಲ, ಗರಡಿಯ ಮೆತ್ತನೆ ಮಣ್ಣಿಲ್ಲ. ಕೆಳಗೆ ಕಾಂಕ್ರೀಟು. ಎದುರಿಗಿರೋನ ಜೇಬಲ್ಲಿ ಏನಿದ್ಯೋ ಗೊತ್ತಿಲ್ಲ. ಒಂದೇಟಿಗೆ ಬಿದ್ದು ತಲೆ ಒಡೆದ್ರೆ ಒಬ್ಬ ಆಸ್ಪತ್ರೆಗೆ, ಇನ್ನೊಬ್ಬ ಸ್ಟೇಷನ್‌ಗೆ.

ಆತ್ಮರಕ್ಷಣೆಗೆ ಕಾನೂನು ಹಕ್ಕು ಕೊಟ್ಟಿದೆ, ಅದೂ ಅಪಾಯ ತಪ್ಪಿಸೋಕೆ ಬೇಕಾದಷ್ಟೇ. ಓಡಿ ಹೋಗ್ತಿರೋನನ್ನ ಅಟ್ಟಿಸ್ಕೊಂಡು ಹೋಗಿ ಹೊಡೆದ್ರೆ ಕೇಸು ನಿಮ್ಮ ಮೇಲೇ.

ರಾಮನಗರ, ಕನಕಪುರ, ಮಾಗಡಿ ಹುಡುಗ್ರೇ, ಹುಡುಗೀರೇ, ಗರಡಿಗೋ ಕರಾಟೆ ಕ್ಲಾಸಿಗೋ ಸೇರಿ, ಬೆವರಿಳಿಸಿ, ಪಟ್ಟು ಕಲೀರಿ. ಬೀದೀಲಿ ಯಾರಾದ್ರೂ ಕೆಣಕಿದ್ರೆ ಅಲ್ಲಿಂದ ಜಾಗ ಖಾಲಿ ಮಾಡಿ, 112ಕ್ಕೆ ಫೋನ್ ಮಾಡಿ. ಬೇರೆ ದಾರಿ ಇಲ್ದಾಗ ಮಾತ್ರ ಕೈ ಎತ್ತಿ.